ಹೊಗೆಸೊಪ್ಪಿನ ಸೀಮೆಯಲ್ಲಿ ಒಂದು ಸಕ್ಕರೆ ಆಮ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಮುರಿಯುವ ಕೆಲಸ ಶುರುವಾಗುವುದು ಮಳೆಗಾಲದ ನಡುಮಧ್ಯದಲ್ಲಿ. ಮೇ, ಜೂನ್‌ನಲ್ಲಿ ನಾಟಿ ಮಾಡಿದ ವರ್ಜೀನಿಯಾ ತಂಬಾಕಿನ ಬುಡದ ಎಲೆಗಳು ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಬಲಿಯುತ್ತವೆ. ಒಂದೊಂದು ಗಿಡದಿಂದ ಎರಡು ಮೂರು ಎಲೆಯಂತೆ ಕೆಳಗಿನಿಂದ ಮೇಲಕ್ಕೆ ಮುರಿಯುತ್ತ ಹೋಗಬೇಕು. ಬೆಳಿಗ್ಗೆ ಬೇಗ ಹೊಲಕ್ಕಿಳಿದರೆ ಎಲೆಯ ಮೇಲೆ ಇಬ್ಬನಿ, ತಡವಾಗಿ ಇಳಿದರೆ ಜಡಿಮಳೆ. ಮುರಿದ ಸೊಪ್ಪನ್ನು ಕಂಕುಳಿಗೆ ಅವುಚಿಕೊಂಡು ಸಾಲು ದಾಟುವಾಗ ಅಂಗಿ, ರವಿಕೆ, ತೋಳು, ಬೆನ್ನು ಎಲ್ಲ ನೆನೆದು ತೊಪ್ಪೆಯಾಗುತ್ತವೆ. ಎಲೆಯ ಮೇಲಿನ ಅಂಟುಜಿಗುಟು ಕೈಗೆ ಹತ್ತಿ ಕಪ್ಪಾಗುತ್ತದೆ.

ಆ ನೀರಿನಲ್ಲಿ ನಿಕೋಟಿನ್ ಇರುತ್ತದೆ. ನಿಕೋಟಿನ್ ನೀರಿನಲ್ಲೂ ಕರಗುತ್ತದೆ, ಜಿಡ್ಡಿನಲ್ಲೂ ಕರಗುತ್ತದೆ; ಹಾಗಾಗಿ ಅದಕ್ಕೆ ಮನುಷ್ಯರ ಚರ್ಮ ದಾಟುವುದು ಕಷ್ಟವಲ್ಲ. ಬೀಡಿ ಸಿಗರೇಟನ್ನು ಮುಟ್ಟದವರ ಮೈಗೂ ಅದು ಹೀಗೆ ಸೇರುತ್ತದೆ. ತಲೆ ಸುತ್ತು, ಹೊಟ್ಟೆ ತೊಳಸು, ವಾಂತಿ, ತಲೆನೋವು, ಕೈಕಾಲು ನಿತ್ರಾಣ ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಬಿಸಿಲು ತಾಗಿತು, ಪಿತ್ತ ಕೆರಳಿತು, ಖಾಲಿ ಹೊಟ್ಟೆಯಲ್ಲಿ ಹೋಗಿದ್ದಕ್ಕೆ ಹೀಗಾಯಿತು ಎಂದುಕೊಂಡು ಬಿಟ್ಟುಬಿಡುವುದು ಸುಲಭ. ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದು ಮೊದಲು ದಾಖಲಾದದ್ದು 1970ರಲ್ಲಿ, ಅಮೆರಿಕದ ಫ್ಲಾರಿಡಾದ ತಂಬಾಕು ಕೂಲಿಗಳ ಬಗ್ಗೆ. ನಮ್ಮ ದೇಶದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗುಜರಾತಿನ ತಂಬಾಕು ಹೊಲಗಳಲ್ಲಿ ಅದನ್ನು ಅಧ್ಯಯನ ಮಾಡಿದರು. ಹಸಿರು ತಂಬಾಕಿನ ಕಾಯಿಲೆ ಎಂದು ಅದಕ್ಕೆ ಹೆಸರು.

ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದರೆ ದೇಹದೊಳಗೆ ಯಾವುದೋ ಒಂದು ಕೆಲಸ ನಡೆದು ನಿಕೋಟಿನ್ ಹೊರಕ್ಕೆ ಹೋಗಿದೆ ಎಂದಾಯಿತು. ಆ ಕೆಲಸದ ದೊಡ್ಡ ಪಾಲು ನಡೆಯುವುದು ಯಕೃತ್ತಿನಲ್ಲಿ. ಅಲ್ಲಿ ಬಳಕೆಯಾಗುವ ಸಾಮಗ್ರಿಗಳಲ್ಲಿ ಒಂದು, ಸಕ್ಕರೆಯಿಂದ ತಯಾರಾಗುವ ಗ್ಲುಕುರಾನಿಕ್ ಆಮ್ಲ. ನಾಲ್ಕು ತಾಲ್ಲೂಕಿನ ರೈತರಿಗೆ, ಕೂಲಿಯವರಿಗೆ ಇದರ ಹೆಸರು ಗೊತ್ತಿರಬೇಕಾದ ಅಗತ್ಯವಿಲ್ಲ. ಆದರೆ ಇದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಅವರಿಗೆ ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇವರ ಮೈ ದಿನಾ ಎಷ್ಟು ವಿಷ ತೊಳೆಯಬೇಕಾಗಿದೆ ಎಂಬ ಲೆಕ್ಕ ಅದರೊಳಗಿದೆ.

ಗ್ಲುಕೋಸ್ ಅಣುವಿನಲ್ಲಿ ಆರು ಇಂಗಾಲಗಳಿವೆ. ಮೊದಲನೆಯದನ್ನು ಉತ್ಕರ್ಷಿಸಿದರೆ ಸಿಗುವುದು ಗ್ಲುಕೋನಿಕ್ ಆಮ್ಲ. ಹಸು ಕರು ಹಾಕಿದ ಮೇಲೆ ಹಾಲುಜ್ವರ ಬಂದು ಏಳಲಾರದೆ ಬಿದ್ದಾಗ ಪಶುವೈದ್ಯರು ರಕ್ತನಾಳಕ್ಕೆ ಏರಿಸುವ ಕ್ಯಾಲ್ಸಿಯಂ ಬಾಟಲಿಯಲ್ಲಿರುವುದು ಇದರ ಲವಣವೇ. ಮೊದಲನೆಯ ಇಂಗಾಲವನ್ನು ಹಾಗೇ ಬಿಟ್ಟು ಆರನೆಯದನ್ನು ಉತ್ಕರ್ಷಿಸಿದರೆ ಗ್ಲುಕುರಾನಿಕ್ ಆಮ್ಲ. ಎರಡೂ ಒಂದೇ ಸಕ್ಕರೆಯಿಂದ ಬಂದವು, ಮಾಡುವ ಕೆಲಸ ಮಾತ್ರ ಬೇರೆ ಬೇರೆ.

ಈ ಸಕ್ಕರೆ ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆಯಿಂದಲೇ ಬರಬೇಕೆಂದಿಲ್ಲ. ಕಬ್ಬಿನ ಸಕ್ಕರೆಯಲ್ಲಿ ಅರ್ಧ ಗ್ಲುಕೋಸ್, ಅರ್ಧ ಫ್ರಕ್ಟೋಸ್. ರಾಗಿಮುದ್ದೆಯ ಪಿಷ್ಟ, ಕೆ.ಆರ್.ನಗರದ ಗದ್ದೆಗಳ ಅಕ್ಕಿಯ ಪಿಷ್ಟ ಪೂರ್ತಿ ಗ್ಲುಕೋಸಿನ ಸರಪಳಿ. ಊಟ ಮಾಡಿದ ಮೇಲೆ ಯಕೃತ್ತು ಅದರಲ್ಲೊಂದು ಪಾಲನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬೇಕಾದಾಗ ಅದರಿಂದ ಗ್ಲುಕೋಸನ್ನು ತೆಗೆದು ಯುಡಿಪಿ ಎಂಬ ಹಿಡಿಕೆಗೆ ಕಟ್ಟುತ್ತದೆ, ಆಮೇಲೆ ಒಂದು ಕಿಣ್ವ ಆರನೆಯ ಇಂಗಾಲವನ್ನು ಆಮ್ಲವನ್ನಾಗಿ ಮಾಡುತ್ತದೆ. ಸಕ್ಕರೆ ಹೀಗೆ ಹಿಡಿಕೆ ಹಾಕಿಕೊಂಡು ಜೀವಕೋಶದಲ್ಲಿ ಓಡಾಡುತ್ತದೆ ಎಂಬುದನ್ನು ಕಂಡುಹಿಡಿದವರು ಅರ್ಜೆಂಟೀನಾದ ಲೂಯಿಸ್ ಲೆಲ್ವಾರ್. 1970ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು.

ಇನ್ನು ಈ ಆಮ್ಲದ ಮುಖ್ಯ ಕೆಲಸ. ದೇಹಕ್ಕೆ ಬೇಡವಾದ ಒಂದು ಅಣುವಿಗೆ ಹೋಗಿ ಅಂಟಿಕೊಳ್ಳುವುದು. ಎಣ್ಣೆಸ್ನಾನದ ಜಿಡ್ಡು ಬರೀ ನೀರಿಗೆ ಬಿಡುವುದಿಲ್ಲ, ಸೀಗೆಪುಡಿ ಹಾಕಿ ಉಜ್ಜಿದರೆ ನೀರಿನ ಜೊತೆ ಇಳಿದುಹೋಗುತ್ತದೆ. ಹೆಚ್ಚುಕಡಿಮೆ ಅದೇ ರೀತಿ, ಗ್ಲುಕುರಾನಿಕ್ ಆಮ್ಲ ಅಂಟಿದ ಅಣು ನೀರಿಗೆ ಒಗ್ಗುತ್ತದೆ, ಜೀವಕೋಶದ ಜಿಡ್ಡಿನ ಪೊರೆಯನ್ನು ಸುಲಭವಾಗಿ ದಾಟಿ ವಾಪಸು ಬರಲಾರದು. ಮೂತ್ರಪಿಂಡ ಅದನ್ನು ಮೂತ್ರಕ್ಕೆ ಬಿಡುತ್ತದೆ, ಇಲ್ಲವೇ ಯಕೃತ್ತು ಪಿತ್ತರಸಕ್ಕೆ ಸುರಿಯುತ್ತದೆ. ಅಂಟಿಸುವ ಕೆಲಸಕ್ಕೆಂದೇ ಕಿಣ್ವಗಳ ಒಂದು ದೊಡ್ಡ ಕುಟುಂಬವಿದೆ. ಯುಜಿಟಿ ಎಂದು ಅದರ ಚಿಕ್ಕ ಹೆಸರು. ಒಂದೊಂದು ಕಿಣ್ವಕ್ಕೆ ಒಂದೊಂದು ಬಗೆಯ ಅಣುಗಳ ಮೇಲೆ ಒಲವು.

ಇದು ತಿಳಿದದ್ದು ಹೇಗೆ ಎಂಬುದರಲ್ಲಿ ಒಂದು ಭಾರತೀಯ ಎಳೆಯೂ ಇದೆ. 1879ರಲ್ಲಿ ಆಸ್ವಾಲ್ಡ್ ಶ್ಮೀಡೆಬರ್ಗ್ ಮತ್ತು ಹಾನ್ಸ್ ಮೇಯರ್ ಎಂಬ ಜರ್ಮನ್ ವಿಜ್ಞಾನಿಗಳು ನಾಯಿಗಳಿಗೆ ಕರ್ಪೂರ ತಿನ್ನಿಸಿ ಅವುಗಳ ಮೂತ್ರ ಪರೀಕ್ಷಿಸಿದರು. ಕರ್ಪೂರ ಬರಿಯ ಕರ್ಪೂರವಾಗಿ ಹೊರಬಂದಿರಲಿಲ್ಲ. ಅದರ ಜೊತೆ ಸಕ್ಕರೆಯ ರಕ್ತಸಂಬಂಧಿಯಾದ ಒಂದು ಆಮ್ಲ ಅಂಟಿತ್ತು. ಅದಕ್ಕೂ ಬಹಳ ಹಿಂದಿನಿಂದ ಬಿಹಾರದ ಮುಂಗೇರ್ ಬಳಿಯ ಮಿರ್ಜಾಪುರದಲ್ಲಿ ಗೋಪಾಲಕರು ಹಸುಗಳಿಗೆ ಮಾವಿನ ಎಲೆ ಮೇಯಿಸಿ, ಅವುಗಳ ಮೂತ್ರವನ್ನು ಕಾಯಿಸಿ ಹಳದಿ ಉಂಡೆ ಕಟ್ಟುತ್ತಿದ್ದರು. ಪಿಯೂರಿ ಎಂಬ ಆ ಬಣ್ಣ ಕಲ್ಕತ್ತೆಯ ಮೂಲಕ ಯುರೋಪಿನ ಚಿತ್ರಕಾರರ ಕೈ ಸೇರುತ್ತಿತ್ತು. 1883ರಲ್ಲಿ ತ್ರೈಲೋಕ್ಯನಾಥ ಮುಖರ್ಜಿ ಅಲ್ಲಿಗೆ ಹೋಗಿ ನೋಡಿ ಲಂಡನ್ನಿಗೆ ವರದಿ ಬರೆದರು. ಆ ಹಳದಿಯ ಮುಖ್ಯ ಅಂಶ, ಮಾವಿನೆಲೆಯಿಂದ ಬಂದ ಒಂದು ವಸ್ತುವಿಗೆ ಹಸುವಿನ ದೇಹ ಗ್ಲುಕುರಾನಿಕ್ ಆಮ್ಲವನ್ನು ಅಂಟಿಸಿ ಹೊರಹಾಕಿದ್ದು. ಬರೀ ಮಾವಿನೆಲೆ ತಿಂದ ಹಸುಗಳು ಬಡಕಲಾಗಿದ್ದವು ಎಂದೂ ಮುಖರ್ಜಿ ಬರೆದಿದ್ದಾರೆ. ಆ ಬಣ್ಣದ ಪಟಗಳನ್ನು ನೋಡುವಾಗ ನನಗೆ ಆ ಹಸುಗಳ ನೆನಪೇ ಮೊದಲು ಬರುತ್ತದೆ.

ನಿಕೋಟಿನ್ ವಿಷಯಕ್ಕೆ ಬರೋಣ. ದೇಹಕ್ಕೆ ಸೇರಿದ ನಿಕೋಟಿನ್‌ನಲ್ಲಿ ಶೇ 70ರಿಂದ 80ರಷ್ಟನ್ನು ಯಕೃತ್ತು ಕೋಟಿನಿನ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಈ ಕೆಲಸ ಮಾಡುವುದು ಬೇರೆ ಕಿಣ್ವ. ಆಮೇಲೆ ಉಳಿದ ನಿಕೋಟಿನ್‌ಗೆ, ಕೋಟಿನಿನ್‌ಗೆ, ಅದರಿಂದ ಮುಂದೆ ಆಗುವ ಇನ್ನೊಂದು ವಸ್ತುವಿಗೆ ಯುಜಿಟಿ ಕಿಣ್ವಗಳು ಗ್ಲುಕುರಾನಿಕ್ ಆಮ್ಲ ಅಂಟಿಸುತ್ತವೆ. ಮೂತ್ರದಲ್ಲಿ ಹೊರಬೀಳುವ ನಿಕೋಟಿನ್ ಪದಾರ್ಥಗಳನ್ನೆಲ್ಲ ಕೂಡಿದರೆ ಅದರಲ್ಲಿ ಕಾಲು ಭಾಗದ ಆಸುಪಾಸು ಹೀಗೆ ಸಕ್ಕರೆ ಆಮ್ಲ ಹೊತ್ತುಕೊಂಡೇ ಹೋಗುತ್ತದೆ. ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಸಾಕು. ಕೋಟಿನಿನ್‌ಗೆ ಹದಿನಾರು ಗಂಟೆಯಾದರೂ ಬೇಕು. ಬೆಳಗಿನಿಂದ ಸಂಜೆಯವರೆಗೆ ನೆನೆದ ಅಂಗಿಯಲ್ಲೇ ಇದ್ದವರ ಮೈಗೆ ನಿಕೋಟಿನ್ ಒಂದೇ ಸಲಕ್ಕೆ ಬಂದು ನಿಲ್ಲುವುದಿಲ್ಲ. ಅದು ಒಸರುತ್ತಲೇ ಇರುತ್ತದೆ. ಅಂಗಿ ಕಳಚಿದ ಮೇಲೂ ಚರ್ಮದಲ್ಲಿ ಉಳಿದದ್ದು ರಕ್ತಕ್ಕೆ ಇಳಿಯುತ್ತಿರುತ್ತದೆ. ರಾತ್ರಿ ಮನೆಯಲ್ಲಿ ವಾಂತಿ ಶುರುವಾಗುವುದಕ್ಕೆ ಇದೇ ಕಾರಣ.

ಬೀಡಿ ಸೇದುವವರಿಗೆ, ಹೊಗೆಸೊಪ್ಪು ಜಗಿಯುವವರಿಗೆ ಹೊಲದಲ್ಲಿ ತಲೆ ಸುತ್ತುವುದು ಕಡಿಮೆ. ಅವರ ಮೈ ನಿಕೋಟಿನ್‌ಗೆ ಒಗ್ಗಿಹೋಗಿರುತ್ತದೆ ಅಷ್ಟೆ. ಹೊಗೆಸೊಪ್ಪಿನ ಕೆಲಸಕ್ಕೆ ಹೋಗುವ ಮುನ್ನ ಒಂದು ಬೀಡಿ ಸೇದಿದರೆ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹದವಾದ ಸೊಪ್ಪಿನಲ್ಲಿ ನಿಕೋಟಿನ್ ಜೊತೆಗೆ ಕ್ಯಾನ್ಸರ್ ತರುವ ನೈಟ್ರೋಸಮೀನ್‌ಗಳೂ ಸೇರಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಭಾಗವನ್ನೂ ದೇಹ ಇದೇ ಆಮ್ಲ ಅಂಟಿಸಿ ಹೊರದಬ್ಬುತ್ತದೆ. ಅಂಟಿಸದೆ ಉಳಿದ ಭಾಗ ಒಳಗೇ ಕೆಲಸ ಮಾಡುತ್ತದೆ.

ಸೊಪ್ಪಿನ ಒಳಗೂ ಒಂದು ಸಕ್ಕರೆಯ ಕಥೆ ನಡೆಯುತ್ತದೆ. ಹಸಿರು ಎಲೆಯಲ್ಲಿ ತುಂಬಿರುವುದು ಪಿಷ್ಟ. ಸೊಪ್ಪು ಹದಮಾಡುವ ಬ್ಯಾರನ್‌ಗೆ ಏರಿಸಿ ಮೊದಲ ದಿನಗಳಲ್ಲಿ 32ರಿಂದ 38 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೇವ ಆರದಂತೆ ಇಟ್ಟಾಗ ಎಲೆ ಇನ್ನೂ ಜೀವಂತವಾಗಿರುತ್ತದೆ. ಅದರ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ, ಎಲೆ ಹಳದಿಯಾಗುತ್ತದೆ. ಆಮೇಲೆ ಶಾಖ ಏರಿಸಿ ಬಣ್ಣ ನಿಲ್ಲಿಸುತ್ತಾರೆ. ಕೊನೆಗೆ 70 ಡಿಗ್ರಿಯ ಆಚೆಗೆ ಒಯ್ದು ದಂಟು ಒಣಗಿಸುತ್ತಾರೆ. ಹದವಾದ ಎಲೆಯ ತೂಕದಲ್ಲಿ ಹತ್ತರಿಂದ ಇಪ್ಪತ್ತರಷ್ಟು ಶೇಕಡ ಸಕ್ಕರೆಯೇ ಇರಬಹುದು. ಶಾಖ ಒಂದಿಷ್ಟು ಹೆಚ್ಚುಕಡಿಮೆಯಾದರೂ ಸಕ್ಕರೆ ಕೆಡುತ್ತದೆ, ಬಣ್ಣ ಕೆಡುತ್ತದೆ, ದರ ಕುಸಿಯುತ್ತದೆ. ಬ್ಯಾರನ್ ಮುಂದೆ ಸೌದೆ ತಳ್ಳುತ್ತ ರಾತ್ರಿಯೆಲ್ಲ ಎದ್ದಿರುವ ರೈತರ ವಿದ್ಯೆ ಸಣ್ಣದಲ್ಲ. 1976ರಲ್ಲಿ ಗುಂಟೂರಿನಲ್ಲಿ ಶುರುವಾದ ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಹರಾಜು ಆರಂಭಿಸಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ಬೇಲ್ ಮೇಲೆ ಕೈಯಾಡಿಸಿ ಬಣ್ಣ ಮೈ ನೋಡುವವರು ಒಂದು ರೀತಿಯಲ್ಲಿ ಈ ಸಕ್ಕರೆಯನ್ನೇ ಅಂದಾಜು ಮಾಡುತ್ತಿರುತ್ತಾರೆ. ಕೊಳ್ಳುವ ಕಂಪನಿಗಳು ಎಲೆಯ ಸಕ್ಕರೆ, ನಿಕೋಟಿನ್ ಎರಡನ್ನೂ ಪ್ರಯೋಗಾಲಯದಲ್ಲಿ ಅಳೆಯುತ್ತವೆ.

ಗ್ಲುಕುರಾನಿಕ್ ಆಮ್ಲದ ಅತಿ ಮುಖ್ಯ ಕೆಲಸ ಹೊಗೆಸೊಪ್ಪಿಗೆ ಸಂಬಂಧಿಸಿದ್ದಲ್ಲ. ಪ್ರತಿ ಮನೆಯಲ್ಲೂ ಒಂದಲ್ಲ ಒಂದು ದಿನ ಕಾಣುವ ಕೆಲಸ ಅದು. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಸಾಯುತ್ತವೆ. ಅವುಗಳ ಬಣ್ಣ ಒಡೆದಾಗ ಉಳಿಯುವ ಹಳದಿ ಕಸವೇ ಬಿಲಿರುಬಿನ್. ಅದು ನೀರಿಗೆ ಒಗ್ಗದ ವಸ್ತು. ಯಕೃತ್ತು ಅದಕ್ಕೆ ಗ್ಲುಕುರಾನಿಕ್ ಆಮ್ಲದ ಎರಡು ತುಣುಕು ಅಂಟಿಸಿ ಪಿತ್ತರಸಕ್ಕೆ ಬಿಡುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಡೈರೆಕ್ಟ್, ಇನ್‌ಡೈರೆಕ್ಟ್ ಎಂದು ಎರಡು ಸಾಲು ಇರುತ್ತವಲ್ಲ, ಡೈರೆಕ್ಟ್ ಎಂದರೆ ಆಮ್ಲ ಅಂಟಿದ್ದು, ಇನ್‌ಡೈರೆಕ್ಟ್ ಎಂದರೆ ಇನ್ನೂ ಅಂಟದೇ ಇರುವುದು. ಆ ಎರಡರ ವ್ಯತ್ಯಾಸ ಈ ಸಕ್ಕರೆ ಆಮ್ಲವೇ ಎಂದು ಗೊತ್ತಾದದ್ದು 1956ರ ಸುಮಾರಿಗೆ.

ಆಗ ತಾನೇ ಹುಟ್ಟಿದ ಕೂಸಿನ ಯಕೃತ್ತಿನಲ್ಲಿ ಈ ಅಂಟಿಸುವ ಕಿಣ್ವದ ಬಲ ದೊಡ್ಡವರ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ದೊಡ್ಡವರ ಮಟ್ಟ ತಲುಪಲು ಮೂರು ತಿಂಗಳಾದರೂ ಬೇಕು. ಹಾಗಾಗಿಯೇ ಎರಡನೆಯ, ಮೂರನೆಯ ದಿನ ಮಗುವಿನ ಕಣ್ಣು, ಮೈ ಹಳದಿಯಾಗುವುದು. ಬಹುಪಾಲು ಕೂಸುಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಮಟ್ಟ ಏರಿದರೆ ಮಿದುಳಿಗೇ ಅಪಾಯ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಕಡೆ ನೀಲಿ ದೀಪದ ಕೆಳಗೆ ಕೂಸನ್ನು ಮಲಗಿಸುವುದು ಆಗಲೇ. ಆ ಬೆಳಕು ಬಿಲಿರುಬಿನ್ನಿನ ಆಕಾರವನ್ನೇ ಬದಲಿಸುತ್ತದೆ, ಬದಲಾದ ಅಣು ಆಮ್ಲದ ಸಹಾಯವಿಲ್ಲದೆಯೇ ಹೊರಹೋಗುತ್ತದೆ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫೋರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್ ಎಂಬ ದಾದಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಹಳದಿ ಇಳಿದದ್ದನ್ನು ಗಮನಿಸಿ ವೈದ್ಯರಿಗೆ ತೋರಿಸಿದವರು ಅವರೇ. ಇಂದಿನ ನೀಲಿ ದೀಪದ ಚಿಕಿತ್ಸೆ ಬೆಳೆದದ್ದು ಅಲ್ಲಿಂದ. ಹಾಗೆಂದು ಮನೆಯಲ್ಲಿ ಬಿಸಿಲಿಗೆ ಹಿಡಿದು ಆಸ್ಪತ್ರೆ ತಪ್ಪಿಸಿಕೊಳ್ಳುವಂತಿಲ್ಲ. ಹಳದಿ ಹೊಟ್ಟೆಯ ಕೆಳಗೆ, ಕಾಲಿಗೆ ಇಳಿದಿದ್ದರೆ, ಹುಟ್ಟಿದ ಮೊದಲ ದಿನವೇ ಕಾಣಿಸಿದರೆ, ಕೂಸು ಹಾಲು ಕುಡಿಯದೆ ಮಂಕಾಗಿದ್ದರೆ ತಡಮಾಡಬಾರದು.

ಎದೆಹಾಲನ್ನು ಮೇಲಿಂದ ಮೇಲೆ ಕುಡಿಸಿ ಎನ್ನುವುದಕ್ಕೂ ಇಲ್ಲೊಂದು ಕಾರಣವಿದೆ. ಕರುಳಿನಲ್ಲಿ ಈ ಆಮ್ಲವನ್ನು ಮತ್ತೆ ಬಿಡಿಸುವ ಕಿಣ್ವವೊಂದಿದೆ, ಬೀಟಾ-ಗ್ಲುಕುರಾನಿಡೇಸ್. ಕೂಸು ಮಲ ವಿಸರ್ಜಿಸದೆ ಹೋದರೆ, ಕಷ್ಟಪಟ್ಟು ಅಂಟಿಸಿ ಕಳಿಸಿದ ಬಿಲಿರುಬಿನ್ ಕರುಳಿನಲ್ಲಿ ಬಿಡಿಸಿಕೊಂಡು ಮತ್ತೆ ರಕ್ತಕ್ಕೆ ಮರಳುತ್ತದೆ. ಹಾಲು ಹೆಚ್ಚು ಕುಡಿದ ಕೂಸು ಹೆಚ್ಚು ಸಲ ವಿಸರ್ಜಿಸುತ್ತದೆ, ಹಳದಿ ಹೊರಕ್ಕೆ ಹೋಗುತ್ತದೆ.

ಎಚ್.ಡಿ.ಕೋಟೆಯ ವಿಷಯದಲ್ಲಿ ಈ ಹಳದಿಯನ್ನು ಇನ್ನೊಂದು ರೀತಿಯಲ್ಲೂ ನೋಡಬೇಕು. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಹಾಡಿಗಳ ಆದಿವಾಸಿಗಳಲ್ಲಿ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯಾ ಇದೆ. ಆ ಕಾಯಿಲೆಯಲ್ಲಿ ಕೆಂಪು ರಕ್ತಕಣ 120 ದಿನ ಬದುಕುವುದಿಲ್ಲ, ಹತ್ತಿಪ್ಪತ್ತು ದಿನಕ್ಕೇ ಒಡೆಯುತ್ತದೆ. ಬಿಲಿರುಬಿನ್ ಹೊರೆ ಹಲವು ಪಟ್ಟು ಏರುತ್ತದೆ, ಯಕೃತ್ತು ಆಮ್ಲ ಅಂಟಿಸಿ ಅಂಟಿಸಿ ಸಾಕಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಎಳೆಯ ವಯಸ್ಸಿನಲ್ಲೇ ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ. ಅಂಥ ಹುಡುಗನ ಹಳದಿ ಕಣ್ಣು ನೋಡಿ ಕಾಮಾಲೆ ಎಂದು ನಾಟಿ ಔಷಧಿಗೆ ಕರೆದೊಯ್ದು, ಅದರ ಜೊತೆಗೆ ಪಥ್ಯ ಹಿಡಿಸಿ ಅನ್ನ ಬಿಡಿಸಿದರೆ ಮಗು ಇನ್ನಷ್ಟು ಸೊರಗುತ್ತದೆ. ಇನ್‌ಡೈರೆಕ್ಟ್ ಬಿಲಿರುಬಿನ್ ಏರಿದೆಯೇ ಎಂದು ಒಮ್ಮೆ ನೋಡಿದರೆ ದಾರಿ ತಿಳಿಯುತ್ತದೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಹಾಡಿಯ ಪ್ರತಿ ಮಗುವಿಗೂ ಆ ತಪಾಸಣೆ ಆಗಲೇಬೇಕು.

ಔಷಧಿಗಳನ್ನೂ ದೇಹ ಹೀಗೆಯೇ ಹೊರಹಾಕುತ್ತದೆ. ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್‌ನಲ್ಲಿ ಅರ್ಧದಷ್ಟು ಗ್ಲುಕುರಾನಿಕ್ ಆಮ್ಲ ಅಂಟಿಸಿಕೊಂಡು ಹೋಗುತ್ತದೆ, ಇನ್ನೊಂದು ಪಾಲು ಸಲ್ಫೇಟ್ ಅಂಟಿಸಿಕೊಂಡು. ತೀರಾ ಸ್ವಲ್ಪ ಭಾಗ ಮಾತ್ರ ವಿಷಕಾರಿ ರೂಪಕ್ಕೆ ತಿರುಗುತ್ತದೆ, ಯಕೃತ್ತು ಅದನ್ನೂ ನಿಭಾಯಿಸುತ್ತದೆ. ಆದರೆ ಅಂಟಿಸುವುದಕ್ಕೆ ಒಂದು ಮಿತಿ ಇದೆ. ದಿನಕ್ಕೆ 4 ಗ್ರಾಂ ದಾಟಿದರೆ, ಜೊತೆಗೆ ಕುಡಿತ, ಉಪವಾಸ ಸೇರಿದರೆ, ಆ ವಿಷಕಾರಿ ಪಾಲು ಏರಿ ಯಕೃತ್ತನ್ನೇ ಕೊಲ್ಲುತ್ತದೆ. ಸೊಪ್ಪು ಮುರಿದು ಬಂದು ತಲೆನೋವೆಂದು ಗಂಟೆಗೊಂದು ಮಾತ್ರೆ ನುಂಗುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಬೇಕು. ಬೆಕ್ಕಿಗಂತೂ ಈ ಮಾತ್ರೆಯ ಚೂರೂ ಕೊಡಬಾರದು. ಬೆಕ್ಕಿನ ಜಾತಿಯಲ್ಲಿ ಇದಕ್ಕೆ ಬೇಕಾದ ಯುಜಿಟಿ ಕಿಣ್ವದ ಜೀನ್ ಕೆಟ್ಟುಹೋಗಿದೆ. 1950ರ ದಶಕದ ಕೊನೆಯಲ್ಲಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕ ಕೊಟ್ಟ ನವಜಾತ ಶಿಶುಗಳು ಬೂದುಬಣ್ಣಕ್ಕೆ ತಿರುಗಿ ಸತ್ತದ್ದಕ್ಕೂ ಕಾರಣ ಇದೇ ಕಿಣ್ವದ ಕೊರತೆ.

ಹೊರಹಾಕುವುದು ಮಾತ್ರವೇ ಈ ಆಮ್ಲದ ಕಸುಬಲ್ಲ. ಕೀಲುಗಳ ಜಾರುದ್ರವದಲ್ಲಿ, ಕಣ್ಣಗುಡ್ಡೆಯ ಒಳಗಿನ ಲೋಳೆಯಲ್ಲಿ ಇರುವ ಹಯಲುರಾನಿಕ್ ಆಮ್ಲ ಎಂಬ ಉದ್ದನೆಯ ಎಳೆ ಇದನ್ನೂ ಇನ್ನೊಂದು ಸಕ್ಕರೆಯನ್ನೂ ಒಂದಾದ ಮೇಲೊಂದು ಪೋಣಿಸಿ ಆದದ್ದು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನಿಂದ ಇದನ್ನು ಬೇರ್ಪಡಿಸಿದರು. ಇವತ್ತು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಒಳಗಿನ ಜಾಗ ಕುಸಿಯದಂತೆ ತುಂಬುವ ಲೋಳೆಯಲ್ಲಿ ಹಲವು ಬಾರಿ ಇರುವುದು ಇದೇ. ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನಲ್ಲೂ ಇದರ ತುಣುಕುಗಳಿವೆ. ಗ್ರಂಥಿಗೆ ಅಂಗಡಿಯ ಜ್ಯೇಷ್ಠಮಧುವಿನ ಸಿಹಿ ಅಂಶಕ್ಕೆ ಈ ಆಮ್ಲದ ಎರಡು ತುಣುಕು ಅಂಟಿಕೊಂಡಿರುತ್ತವೆ. ಬ್ಯಾರನ್‌ನಲ್ಲಿ ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಆ ಮರದ ನಾರಿನ ನಡುವಿನ ಅಂಟಿನಲ್ಲೂ ಇದರ ಒಂದು ರೂಪ ಸೇರಿದೆ. ಇನ್ನು ಆಡು, ಹಸು, ನಾಯಿಗಳು ಗ್ಲುಕುರಾನಿಕ್ ಆಮ್ಲದಿಂದ ಮುಂದೆ ಸಿ ವಿಟಮಿನ್ ತಯಾರಿಸಿಕೊಳ್ಳುತ್ತವೆ. ಮನುಷ್ಯ ಮತ್ತು ಮಂಗಗಳ ವಂಶದಲ್ಲಿ ಆ ದಾರಿಯ ಕೊನೆಯ ಕಿಣ್ವ ಕಳೆದುಹೋಗಿದೆ, ಹಾಗಾಗಿ ನಾವು ನೆಲ್ಲಿಕಾಯಿ, ಸೀಬೆ, ನಿಂಬೆ ತಿನ್ನಬೇಕು.

ಆಮ್ಲ ಬಿಡಿಸುವ ಬೀಟಾ-ಗ್ಲುಕುರಾನಿಡೇಸ್ ಇ.ಕೋಲಿ ಬ್ಯಾಕ್ಟೀರಿಯಾದಲ್ಲಿ ಧಾರಾಳವಾಗಿದೆ. ಗ್ಲುಕುರಾನಿಕ್ ಆಮ್ಲಕ್ಕೆ ಒಂದು ಹೊಳೆಯುವ ಬಣ್ಣ ಕಟ್ಟಿ ಕುಡಿಯುವ ನೀರಿನ ಮಾದರಿಗೆ ಹಾಕಿಡುತ್ತಾರೆ. ನೀರಲ್ಲಿ ಇ.ಕೋಲಿ ಇದ್ದರೆ ಅದು ಆಮ್ಲವನ್ನು ಬಿಡಿಸುತ್ತದೆ, ಬಣ್ಣ ಬಿಡುಗಡೆಯಾಗಿ ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಚರಂಡಿ ನೀರು ಬೋರ್‌ವೆಲ್ಲಿಗೆ ಸೇರಿದೆಯೇ ಎಂದು ಪತ್ತೆ ಹಚ್ಚುವ ವಿಧಾನಗಳಲ್ಲಿ ಇದೊಂದು. ಇದೇ ಕಿಣ್ವದ ಜೀನನ್ನು ರಿಚರ್ಡ್ ಜೆಫರ್ಸನ್ ಮತ್ತು ಸಂಗಡಿಗರು ಗಿಡಗಳಿಗೆ ಸೇರಿಸಿ, ಹೊರಗಿನ ಜೀನ್ ಎಲ್ಲಿ ಕೆಲಸ ಮಾಡುತ್ತಿದೆ ಎಂಬುದನ್ನು ನೀಲಿ ಬಣ್ಣದಿಂದ ಗುರುತಿಸುವ ವಿಧಾನವನ್ನು 1987ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಗಿಡಗಳಲ್ಲಿ ತಂಬಾಕೂ ಒಂದು. ಆ ಮೇಲೆ ಲೋಕದ ಸಸ್ಯ ಪ್ರಯೋಗಾಲಯಗಳಲ್ಲೆಲ್ಲ ಅದು ದಿನಬಳಕೆಯ ಸಾಧನವಾಯಿತು.

ಅಂಗಡಿಯ ಫ್ರಿಡ್ಜಿನಲ್ಲಿರುವ ಎನರ್ಜಿ ಡ್ರಿಂಕ್ ಡಬ್ಬಿಗಳ ಮೇಲೆ ಗ್ಲುಕುರೊನೊಲ್ಯಾಕ್ಟೋನ್ ಎಂದು ಬರೆದಿರುವುದನ್ನು ಕೆಲವರಾದರೂ ಗಮನಿಸಿರಬಹುದು. ಅದು ಇದೇ ಆಮ್ಲ ಉಂಗುರದಂತೆ ಮಡಚಿಕೊಂಡ ರೂಪ. 250 ಮಿಲಿಲೀಟರ್ ಡಬ್ಬಿಯಲ್ಲಿ 600 ಮಿಲಿಗ್ರಾಂ ಹಾಕುವುದುಂಟು. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರಿಗೆ ಕೊಟ್ಟು ಅವರ ಮಿದುಳಿನಲ್ಲಿ ಗೆಡ್ಡೆ ಬೆಳೆಯಿತು ಎಂಬ ಸುದ್ದಿ ಬಹಳ ವರ್ಷ ಓಡಾಡಿತು, ಅದು ಸುಳ್ಳು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಪರಿಶೀಲಿಸಿ ಆ ಪಾನೀಯಗಳಲ್ಲಿ ಬಳಸುವ ಪ್ರಮಾಣದಿಂದ ಆತಂಕವಿಲ್ಲ ಎಂದಿತು. ಆದರೆ ಇದನ್ನು ಕುಡಿದರೆ ಯಕೃತ್ತು ಶುದ್ಧವಾಗುತ್ತದೆ, ಮೈಯ ವಿಷವೆಲ್ಲ ಇಳಿಯುತ್ತದೆ ಎಂಬ ಮಾರಾಟದ ಮಾತಿಗೆ ಆಧಾರವಿಲ್ಲ. ಯಕೃತ್ತು ತನಗೆ ಬೇಕಾದ ಆಮ್ಲವನ್ನು ತಾನೇ, ತನ್ನ ಗ್ಲುಕೋಸಿನಿಂದ, ಯುಡಿಪಿ ಹಿಡಿಕೆಯ ಮೇಲೆಯೇ ತಯಾರಿಸಿಕೊಳ್ಳುತ್ತದೆ. ಹೊರಗಿನಿಂದ ಕುಡಿದದ್ದು ಬೇರೆ ದಾರಿ ಹಿಡಿದು ಬೇರೆ ಪದಾರ್ಥಗಳಾಗಿ ಹೋಗುತ್ತದೆ. ಹೊಲದಿಂದ ಬಂದು ಸುಸ್ತಾದ ಹುಡುಗರು ಕೂಲಿಯ ದುಡ್ಡಿನಲ್ಲಿ ಆ ಡಬ್ಬಿ ಕೊಳ್ಳುವ ಬದಲು ಹೊಟ್ಟೆ ತುಂಬ ಮುದ್ದೆ, ಸಾರು ಉಂಡರೆ ಯಕೃತ್ತಿಗೆ ಬೇಕಾದ ಸಕ್ಕರೆ ದಕ್ಕುತ್ತದೆ. ಉಪವಾಸ ಕೆಡವಿದ ಇಲಿಗಳ ಯಕೃತ್ತಿನಲ್ಲಿ ಹಿಡಿಕೆ ಹಾಕಿದ ಆಮ್ಲದ ದಾಸ್ತಾನು ಇಳಿಯುವುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಸೊಪ್ಪಿಗೆ ಹೋಗಬೇಡಿ ಎಂಬ ಹಿರಿಯರ ಮಾತಿಗೆ ನಾನು ಬೆಲೆ ಕೊಡುವುದು ಇದರಿಂದಲೂ.

ಎಷ್ಟೇ ಉಂಡರೂ ಅಂಟಿಸುವ ಕಿಣ್ವಗಳಿಗೆ ಮಿತಿ ಇದ್ದೇ ಇದೆ. ನಿಕೋಟಿನ್ ಒಳಗೆ ಬಂದ ಮೇಲೆ ತೊಳೆಯುವುದಕ್ಕಿಂತ ಒಳಗೆ ಬಾರದಂತೆ ತಡೆಯುವುದೇ ಸರಿ. ಇಬ್ಬನಿ ಆರಿದ ಮೇಲೆ ಸೊಪ್ಪಿಗೆ ಇಳಿಯುವುದು, ಮಳೆ ಬಂದರೆ ನಿಲ್ಲಿಸುವುದು, ರಬ್ಬರ್ ಕೈಗವಸು ಮತ್ತು ನೀರಿಳಿಯದ ಮೇಲಂಗಿ ತೊಡುವುದು, ನೆನೆದ ಬಟ್ಟೆಯನ್ನು ಹೊಲದಲ್ಲೇ ಬದಲಾಯಿಸುವುದು, ಮನೆಗೆ ಬರುವ ಮುಂಚೆ ಸೋಪು ಹಾಕಿ ಕೈ, ತೋಳು, ಕಂಕುಳು ತೊಳೆಯುವುದು. ಮೇಲಂಗಿ ತೊಟ್ಟು ಸೆಕೆಯಲ್ಲಿ ಬಾಗಿ ಕೆಲಸ ಮಾಡುವುದು ಹಿಂಸೆ, ಒಪ್ಪುತ್ತೇನೆ. ಅದಕ್ಕೇ ನೆರಳು, ನೀರು, ವಿಶ್ರಾಂತಿಯನ್ನೂ ಕೂಲಿಯ ಲೆಕ್ಕದಲ್ಲೇ ಸೇರಿಸಬೇಕು. ಗರ್ಭಿಣಿಯರನ್ನು ಸೊಪ್ಪು ಮುರಿಯುವ, ಕಡ್ಡಿಗೆ ಕಟ್ಟುವ ಕೆಲಸದಿಂದ ದೂರ ಇಡಲೇಬೇಕು. ಬಸುರಿನಲ್ಲಿ ನಿಕೋಟಿನ್ ಹೊರಹಾಕುವ ವೇಗ ಹೆಚ್ಚುತ್ತದೆಯಾದರೂ ಅಷ್ಟರೊಳಗೆ ಅದು ಮಾಸು ದಾಟಿ ಮಗುವಿನ ರಕ್ತಕ್ಕೆ ಸೇರಿರುತ್ತದೆ. ಒಳಗಿನ ಕೂಸಿಗೆ ಅಂಟಿಸುವ ಕಿಣ್ವವೇ ಇನ್ನೂ ಬಂದಿರುವುದಿಲ್ಲ. ಮಕ್ಕಳ ವಿಷಯ ಹೇಳಬೇಕಾಗಿಯೇ ಇಲ್ಲ, ಅಷ್ಟು ಸಣ್ಣ ಮೈಗೆ ಅಷ್ಟೇ ನಿಕೋಟಿನ್ ಎಷ್ಟೋ ಪಟ್ಟು ಭಾರ.

ಭಾರತ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 18ನೆಯ ವಿಧಿ ತಂಬಾಕು ಬೇಸಾಯದ ಪರಿಸರವನ್ನೂ ಅಲ್ಲಿನ ಜನರ ಆರೋಗ್ಯವನ್ನೂ ಕಾಪಾಡಬೇಕೆನ್ನುತ್ತದೆ. ತಂಬಾಕು ಮಂಡಳಿ ಬ್ಯಾರನ್ ಲೈಸೆನ್ಸ್ ಕೊಡುವಾಗಲೇ ಕೈಗವಸು, ಮೇಲಂಗಿ ಕೊಡಬಹುದು. ಬೆಳೆಯುವ ಪ್ರಮಾಣವನ್ನು ಮಂಡಳಿ ಪ್ರತಿ ವರ್ಷ ನಿಗದಿ ಮಾಡುತ್ತದೆ, ಇತ್ತೀಚೆಗೆ ರಾಜ್ಯಕ್ಕೆ ಸುಮಾರು ಹತ್ತು ಕೋಟಿ ಕಿಲೋ. ಅಷ್ಟು ಸೊಪ್ಪು ಕೈಯಿಂದ ಕೈಗೆ ದಾಟುವ ಸೀಮೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ವಾಂತಿ, ತಲೆಸುತ್ತು ಎಂದು ಬಂದವರನ್ನು, ಇವತ್ತು ಸೊಪ್ಪು ಮುರಿದಿರಾ, ಬಟ್ಟೆ ನೆನೆದಿತ್ತಾ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಹಾಗೆಯೇ ಕೂಲಿಯವರು ಒಪ್ಪಿದರೆ ಅವರ ಮೂತ್ರದಲ್ಲಿನ ಕೋಟಿನಿನ್ ಅಳೆಯಬೇಕು. ಅಳೆಯುವಾಗ ಮಾದರಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಬೀಟಾ-ಗ್ಲುಕುರಾನಿಡೇಸ್ ಹಾಕಿ ಕೆಲವು ಗಂಟೆ ಬೆಚ್ಚಗಿಟ್ಟು ಸಕ್ಕರೆ ಆಮ್ಲವನ್ನು ಬಿಡಿಸಿ ನೋಡಬೇಕು, ಇನ್ನೊಂದನ್ನು ಹಾಗೆಯೇ ನೋಡಬೇಕು. ಎರಡರ ಅಂತರವೇ ಆ ಮೈ ಅಂಟಿಸಿ ಹೊರಹಾಕಿದ ಪಾಲು. ಬೀಡಿ, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಬಳಸುವವರ ಮಾದರಿಗಳನ್ನು ಬೇರೆ ಇಡಬೇಕು, ಇಲ್ಲದಿದ್ದರೆ ಹೊಲದಿಂದ ಬಂದದ್ದೆಷ್ಟು, ಬಾಯಿಂದ ಬಂದದ್ದೆಷ್ಟು ಎಂದು ತಿಳಿಯುವುದಿಲ್ಲ. ಕೊಯ್ಲಿಗೆ ಮುಂಚೆ ಒಮ್ಮೆ, ಮಳೆ ಜೋರಿರುವ ವಾರ ಒಮ್ಮೆ ತೆಗೆದರೆ ಸಾಕು.